ಮುಚ್ಚದ ಕವಾಟ

ನಮ್ಮ ಬೀದಿಯ ಬಡಗಿ ಹೃದ್ರೋಗ ತಜ್ಞೆಯ ಮೇಲೆ ಉಳಿ ಎತ್ತಿಕೊಂಡು ಹೋದನೆಂಬ ಸುದ್ದಿ ಮನೆಮನೆಗೂ ಹಬ್ಬಿತ್ತು. ಅದು ಶುದ್ಧ ಸುಳ್ಳು. ಉಳಿ ಚೀಲದಲ್ಲೇ ಇತ್ತು. ಅವನು ಎತ್ತಿದ್ದು ದನಿಯನ್ನು ಮಾತ್ರ!

ತಾನು ಮಾಡಿದ ಕಪಾಟಿನ ಬಾಗಿಲು ಮುಚ್ಚುವುದಿಲ್ಲವೆಂದು ಯಾರಾದರೂ ತೋರಿಸಿಕೊಟ್ಟರೆ ಅಂದೇ ಕಸುಬು ಬಿಡುತ್ತೇನೆಂಬುದು ಅವನ ಬಹುಕಾಲದ ಪಣ. ತಜ್ಞೆಯ ಕ್ಲಿನಿಕ್ಕಿಗೆ ಗೋಡೆಯುದ್ದದ ಕಪಾಟು ಮಾಡಿಕೊಟ್ಟವನೂ ಅವನೇ. ಈಚೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದುದರಿಂದ ಹೆಂಡತಿ ಅವನನ್ನು ಅಲ್ಲಿಗೇ ಎಳೆದೊಯ್ದು ಎದೆಯ ಸ್ಕ್ಯಾನ್ ಮಾಡಿಸಿದ್ದಳು. "ನನ್ನೆದೆ ತೇಗದ ದಿಮ್ಮಿ ಕಣೇ" ಎಂದವನೇ ಅವನು ಅದನ್ನು ಮರೆತಿದ್ದ.

ಮರುದಿನ ಡ್ರಿಲ್ಲಿನ ಗದ್ದಲದ ನಡುವೆ ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿದಳು.

"ಕವಾಟ ಸರಿಯಾಗಿ ಮುಚ್ಚಿಕೊಳ್ತಿಲ್ಲ, ಸ್ವಲ್ಪ ಸೋರ್ತಿದೆ. ಡಾಕ್ಟರು ಬರಕ್ಕೆ ಹೇಳಿದಾರೆ."

ಆ ಗದ್ದಲದಲ್ಲಿ ಅವನ ಕಿವಿಗೆ ಕವಾಟ ಕಪಾಟಾಯಿತು!

"ಕಪಾಟು ಸೋರುತ್ತಾ? ಅದೇನು ಬಿಂದಿಗೇನಾ?"

ಚೀಲ ಹೆಗಲೇರಿತು. ಹೆಂಡತಿ ಬೆನ್ನಿಗೇ ಓಡಿದಳು. ಮಹಡಿಯ ಮೇಲಿನ ಕ್ಲಿನಿಕ್ಕು ತಲುಪುವಷ್ಟರಲ್ಲಿ ಅವನ ಉಸಿರು ಗರಗಸದಂತೆ ಕೊಯ್ಯುತ್ತಿತ್ತು. ಆದರೂ ಕಪಾಟಿನ ಬಾಗಿಲನ್ನು ತೆಗೆದ, ಮುಚ್ಚಿದ, ಮತ್ತೆ ತೆಗೆದ. ಸೂಜಿ ತೂರಲೂ ಸಂದಿಲ್ಲ!

"ನೋಡಿ ಮೇಡಂ! ಎಲ್ಲಿ ಮುಚ್ಚಲ್ಲ, ತೋರಿಸಿ!"

ತಜ್ಞೆ ಎದ್ದು ಬಂದು ಅವನ ಎದೆಯನ್ನು ಬೆರಳಿನಿಂದ ತಟ್ಟಿದರು.

"ಇಲ್ಲಿ."

ಬಡಗಿ ಕುಸಿದು ಕೂತ. ಹಿಂದೆ ಸ್ಟೂಲು ಇದ್ದದ್ದು ಅವನ ಪುಣ್ಯ.

"ಹೃದಯದ ಎಡಗಡೆ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ನಡುವೆ ಒಂದೇ ಕಡೆ ತೆರೆಯೋ ಬಾಗಿಲು, ಅದೇ ಕವಾಟ. ನಿಮ್ಮದು ಪೂರ್ತಿ ಕೂರ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತೆ. ಅದಕ್ಕೇ ಈ ಏದುಸಿರು."

"ಒಂದ್ಸಲ ಕೀಸಿದ್ರೆ ಕೂರಲ್ವಾ?" ದನಿ ಈಗ ಮರದ ಹೊಟ್ಟಿನಷ್ಟು ಮೆತ್ತಗಾಗಿತ್ತು.

"ಸದ್ಯಕ್ಕೆ ಅದೆಲ್ಲ ಬೇಡ. ಮಾತ್ರೆಯಿಂದ ಬಾಗಿಲು ಸರಿಹೋಗಲ್ಲ, ಆದರೆ ಹೃದಯದ ಹೊರೆ ಇಳಿಯುತ್ತೆ. ಆಗಾಗ ಸ್ಕ್ಯಾನ್ ಮಾಡಿ ನೋಡ್ತಿರೋಣ. ಸೋರಿಕೆ ಹೆಚ್ಚಾದರೆ ರಿಪೇರಿ; ರಿಪೇರಿ ಆಗದಿದ್ದರೆ ಹೊಸ ಕವಾಟ."

"ಹೊಸದನ್ನ ಮಾಡೋರು ಯಾರು?"

"ನೀವಂತೂ ಅಲ್ಲ!" ಹೆಂಡತಿಯ ಕೈ ಅವನ ಹೆಗಲ ಮೇಲೆ ಬಿತ್ತು. "ಅಡುಗೆಮನೆ ಕಪಾಟು ಮುಚ್ಚಲ್ಲ ಅಂದಾಗೆಲ್ಲ 'ನಾಳೆ ನೋಡೋಣ' ಅಂತೀರಲ್ಲ, ಮಾತ್ರೆಗೂ ಹಾಗೇ ಅಂದ್ರೆ ನಾನು ಸುಮ್ಮನಿರಲ್ಲ!"

ತಜ್ಞೆಯ ಹುಬ್ಬು ಮೇಲೇರಿತು. "ಅಂದ್ರೆ, ನಿಮ್ಮನೇದೇ ಮುಚ್ಚಲ್ವಾ?"

"ಹೂಂ ಮೇಡಂ. ಈಗ ಕೇಳಿ, ಕಸುಬು ಬಿಡ್ತಾರೋ, ಪಣ ಬಿಡ್ತಾರೋ ಅಂತ!"

ಬಡಗಿ ಪಣ ಬಿಟ್ಟ.

ಈಗ ಬೆಳಗಿನ ಮಾತ್ರೆ ತಪ್ಪುತ್ತಿಲ್ಲ. ಮಾತ್ರೆಗಳಿರುವುದು ಅಡುಗೆಮನೆಯ ಕಪಾಟಿನಲ್ಲಿ. ಅದರ ಬಾಗಿಲು ಮುಚ್ಚುತ್ತದೆ. ಎದೆಯದು ಇನ್ನೂ ಸ್ವಲ್ಪ ಸೋರುತ್ತದೆ.