ಬಿಚ್ಚುವುದನ್ನು ಕಲಿಸಿದ ಮಹನೀಯರಿಗೆ

ಇವರಿಗೆ,
ಹಳೆಯ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್ಲಿನ ದುರಸ್ತಿ ಕೈಪಿಡಿಯನ್ನು ರಚಿಸಿ, ತಮ್ಮ ಹೆಸರನ್ನು ಮಾತ್ರ ಅದರ ಯಾವ ಪುಟದಲ್ಲಿಯೂ ಹಾಕದೆ ಪಾರಾದ ಲೇಖಕ ಮಹಾಶಯರು,
ಎಲ್ಲಿದ್ದರೆ ಅಲ್ಲಿ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ತಮ್ಮ ಹತ್ತೂ ಬೆರಳುಗಳು ಇದ್ದಲ್ಲಿಯೇ ಇವೆ, ಅವುಗಳ ಉಗುರಿನ ಸಂದಿಯಲ್ಲಿ ಕಪ್ಪು ಎಣ್ಣೆಯ ಸುಳಿವೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಏಕೆಂದರೆ ತಮ್ಮ ಕೈಪಿಡಿಯನ್ನು ಹದಿನಾಲ್ಕು ತಿಂಗಳು ಮನನ ಮಾಡಿದ ಮೇಲೆ, ಅದನ್ನು ಬರೆದವರು ಜೀವಮಾನದಲ್ಲಿ ಒಂದು ಸ್ಪ್ಯಾನರನ್ನಾದರೂ ಮುಟ್ಟಿರಲು ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ತಮ್ಮ ವಿಳಾಸ ದೊರೆಯದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ. ದಯವಿಟ್ಟು ಮನ್ನಿಸಬೇಕು.

ಇದನ್ನು ನಾನು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ನನ್ನ ತಾಯಿಯವರಿದ್ದಾರೆ. ಅವರು ಅಲ್ಲಿಗೆ ಹೋದದ್ದರಲ್ಲಿ ತಮ್ಮ ಪಾಲೇನೆಂಬುದನ್ನು ಕ್ರಮವಾಗಿ ನಿವೇದಿಸಿಕೊಳ್ಳಲು ಅನುಮತಿ ಕೋರುತ್ತೇನೆ. ಮೊದಲು ನನ್ನ ಪರಿಚಯ: ನಾನು ಇಪ್ಪತ್ತಾರು ವರ್ಷಗಳಿಂದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಚ್ಚಾದ ಮಾತನ್ನು ನಂಬುವುದೂ ಅಚ್ಚಾದ ಮಾತನ್ನು ಸಂಶಯಿಸುವುದೂ ಎರಡೂ ನನ್ನ ಹೊಟ್ಟೆಪಾಡು. ಮೋಟಾರ್‌ಸೈಕಲ್ ಓಡಿಸಲು ನನಗೆ ಬರುವುದಿಲ್ಲ.

ಓಡಿಸುತ್ತಿದ್ದವರು ನನ್ನ ತಾಯಿಯವರು. ವೃತ್ತಿಯಿಂದ ಸೂಲಗಿತ್ತಿ, ಇಪ್ಪತ್ತೆರಡು ವರ್ಷ ಆ ಬಂಡಿಯ ಮೇಲೆ, ಹಿಂದೆ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು, ಕರೆದಲ್ಲಿಗೆ ಹೋಗಿ ಹೆರಿಗೆ ಮಾಡಿಸಿದವರು. ಅದರ ಸದ್ದು ಕೇಳಿದರೆ ನೋವು ತಿನ್ನುತ್ತಿದ್ದವಳಿಗೆ ಅರ್ಧ ಧೈರ್ಯ ಬರುತ್ತಿತ್ತಂತೆ. ಕೆಲಸದಿಂದ ನಿವೃತ್ತರಾದ ಮೇಲೆ ಬಂಡಿ ನಮ್ಮ ಗ್ಯಾರೇಜಿನ ಮೂಲೆ ಸೇರಿತು. ಅದರ ಮೇಲೆ ಹಳೆಯ ಪರದೆಗಳು, ಪರದೆಗಳ ಮೇಲೆ ಇಸ್ತ್ರಿ ಹಲಗೆ, ಹಲಗೆಯ ಮೇಲೆ ಬೆಕ್ಕು, ಹೀಗೆ ಹತ್ತೊಂಬತ್ತು ವರ್ಷ ಕಳೆಯಿತು. ಈಗ ತಾಯಿಯವರಿಗೆ ಎಪ್ಪತ್ತನಾಲ್ಕು. ಬಲ ಮೊಣಕಾಲು ಸವೆದುಹೋಗಿದೆ, ಬದಲಾಯಿಸಲೇಬೇಕು, ಬದಲಾಯಿಸಿದ ಮೇಲೆ ಕಿಕ್ ಹೊಡೆಯುವ ಮಾತನ್ನು ಜನ್ಮದಲ್ಲಿ ಎತ್ತಬಾರದು ಎಂದು ಶಸ್ತ್ರವೈದ್ಯರು ಹೇಳಿದರು. "ಹಾಗಾದ್ರೆ ಕಾಲು ಕೊಡೋ ಮುಂಚೆ ಒಂದೇ ಒಂದ್ಸಲ ನಾನೇ ಕಿಕ್ ಹೊಡೆದು ಸ್ಟಾರ್ಟ್ ಮಾಡ್ಬೇಕು. ಆಮೇಲೆ ಅವರು ಏನು ಬೇಕಾದ್ರೂ ಮಾಡ್ಕೊಳ್ಳಿ," ಎಂದರು ತಾಯಿಯವರು. ನಾನು ಎದೆ ತಟ್ಟಿ, ಎರಡು ತಿಂಗಳಲ್ಲಿ ಬಂಡಿ ಸಿದ್ಧ ಎಂದೆ. ಅದೇ ಸಂಜೆ ಹಳೆಯ ಪುಸ್ತಕಗಳ ಅಂಗಡಿಯಲ್ಲಿ ತಮ್ಮ ಕೃತಿ ನನಗೆ ಸಿಕ್ಕಿತು.

ಬಿಚ್ಚುವ ವಿಷಯದಲ್ಲಿ ತಮ್ಮ ಸಮಾನರಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದೊಂದು ಬೋಲ್ಟಿಗೂ ಒಂದೊಂದು ವಾಕ್ಯ, ಒಂದೊಂದು ವಾಕ್ಯಕ್ಕೂ ಒಂದೊಂದು ಚಿತ್ರ. ಕಾರ್ಬ್ಯುರೇಟರನ್ನು ಕಳಚುವ ಅಧ್ಯಾಯವನ್ನಂತೂ ನಾನು ಊಟದ ಮೇಜಿನ ಬಳಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ನಲವತ್ತೆಂಟು ಪುಟಗಳಲ್ಲಿ ಬಂಡಿ ಚಿಂದಿಯಾಯಿತು. ಆಮೇಲೆ, ನಲವತ್ತೊಂಬತ್ತನೇ ಪುಟದ ತುದಿಯಲ್ಲಿ, ಅಡಿಟಿಪ್ಪಣಿಗಿಂತ ಸ್ವಲ್ಪವೇ ದೊಡ್ಡ ಅಕ್ಷರದಲ್ಲಿ, ತಾವು ಒಂದು ಸಾಲು ದಯಪಾಲಿಸಿದ್ದೀರಿ: "ಮರುಜೋಡಣೆ: ಮೇಲಿನ ಕ್ರಮವನ್ನು ತಿರುಗುಮುರುಗಾಗಿ ಅನುಸರಿಸತಕ್ಕದ್ದು." ಇಷ್ಟೇ. ಮಾನ್ಯರೇ, ಈ ಮಿತವ್ಯಯವನ್ನು ಏನೆಂದು ಹೊಗಳಲಿ? ಮನೆ ಕೆಡವುವುದನ್ನು ನಲವತ್ತೆಂಟು ಪುಟ ವಿವರಿಸಿ, ಕಟ್ಟುವುದಕ್ಕೆ ಹೀಗೆಯೇ ಹಿಂದುಮುಂದಾಗಿ ಮಾಡಿ ಎಂದು ಬರೆಯುವ ಧೈರ್ಯ ಬೇರೆ ಯಾವ ಶಾಸ್ತ್ರಕಾರರಿಗೆ ಇದ್ದೀತು? ಪಿಸ್ಟನ್ನಿನ ಪಿನ್ನು ಹೊರಬಾರದಂತೆ ಹಿಡಿದಿಡುವ ಉಗುರಿನಷ್ಟು ಚಿಕ್ಕ ಸ್ಪ್ರಿಂಗ್ ಬಳೆಯೊಂದು ಬಿಚ್ಚುವಾಗ ಟಿಣ್ ಎಂದು ಹಾರಿಹೋಯಿತು. ಈ ಕ್ರಮವನ್ನು ತಿರುಗುಮುರುಗಾಗಿ ಅನುಸರಿಸಲು ನಾನು ಹದಿನೈದು ದಿನ ಗ್ಯಾರೇಜಿನಲ್ಲಿ ಕಾದೆ. ಅದು ಹಾರಿ ವಾಪಸ್ಸು ಬರಲಿಲ್ಲ.

ಬೇರಿಂಗ್ ಕೂರಿಸುವ ವಿಷಯದಲ್ಲಿ ಮಾತ್ರ ತಾವು ಉದಾರಿಗಳು. ಎಂಜಿನ್ನಿನ ಹೊರಕವಚವನ್ನು ಬಿಸಿ ಮಾಡಬೇಕು, ಬೇರಿಂಗನ್ನು ತಣ್ಣಗಾಗಿಸಬೇಕು, ಆಗ ಒಂದರೊಳಗೊಂದು ಸಲೀಸಾಗಿ ಇಳಿಯುತ್ತದೆ ಎಂದು ಅಪ್ಪಣೆ ಕೊಡಿಸಿದ್ದೀರಿ. ಆದರೆ ಎಲ್ಲಿ ಬಿಸಿ ಮಾಡಬೇಕು, ಎಲ್ಲಿ ತಣಿಸಬೇಕು, ಆ ಹೊತ್ತಿಗೆ ಹೆಂಡತಿಯನ್ನು ಎಲ್ಲಿಗೆ ಕಳಿಸಿರಬೇಕು ಎಂಬುದನ್ನು ಓದುಗನ ಜಾಣತನಕ್ಕೆ ಬಿಟ್ಟಿದ್ದೀರಿ. ನಮ್ಮ ಮನೆಯ ಓವನ್ನಿನಲ್ಲಿ ಬೇಯಿಸಿದ ಬ್ರೆಡ್ಡಿಗೆ ಮೂರು ತಿಂಗಳು ಎಂಜಿನ್ನಿನ ವಾಸನೆ ಇತ್ತು. ಫ್ರೀಜರಿನ ಬಾಗಿಲು ತೆರೆದು ನಿಂತ ನನ್ನ ಹೆಂಡತಿ ಹೇಳಿದ ಮಾತನ್ನು ದಾಖಲೆಗಾಗಿ ಇಲ್ಲಿ ಕೊಡುತ್ತಿದ್ದೇನೆ: "ಬಟಾಣಿ ಪಕ್ಕದಲ್ಲಿ ಬೇರಿಂಗು, ಬೇರಿಂಗ್ ಪಕ್ಕದಲ್ಲಿ ಐಸ್‌ಕ್ರೀಮು. ರೀ, ಒಂದು ಜಾಗ ನೋಡಿ ನನ್ನನ್ನೂ ಇಟ್ಬಿಡಿ, ಅಲ್ಲೇ ಇರ್ತೀನಿ." ಆಕೆ ಸಾಮಾನ್ಯವಾಗಿ ಮಿತಭಾಷಿ.

ತಮ್ಮ ಶೈಲಿಯ ಇನ್ನೂ ಕೆಲವು ಸೊಬಗುಗಳನ್ನು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. "ಸೂಕ್ತವಾಗಿ ಬಿಗಿಗೊಳಿಸಿ" ಎಂದು ಹನ್ನೊಂದು ಕಡೆ ಬರೆದಿದ್ದೀರಿ. ನಾನು ಸೂಕ್ತವಾಗಿ ಬಿಗಿಗೊಳಿಸಿದ ನಾಲ್ಕು ಬೋಲ್ಟುಗಳು ಸೂಕ್ತವಾಗಿ ತುಂಡಾದವು. "ಹದಿನೇಳನೇ ಪುಟದ ಚಿತ್ರವನ್ನು ನೋಡಿ" ಎಂದಿದ್ದೀರಿ. ಹದಿನೇಳನೇ ಪುಟದಲ್ಲಿ ಬಿಳಿ ಕೋಟು ತೊಟ್ಟ ಮಹನೀಯರೊಬ್ಬರು ಬಂಡಿಯ ಪಕ್ಕ ನಿಂತು ನಗುತ್ತಿದ್ದಾರೆ. ಆ ನಗುವಿನ ಅರ್ಥ ನನಗೆ ಏಳನೇ ತಿಂಗಳಲ್ಲಿ ತಿಳಿಯಿತು. ಎಲ್ಲವನ್ನೂ ಜೋಡಿಸಿ ಮುಗಿಸಿದ ಮೇಲೆ ಒಂದು ಡಬ್ಬಿ ತುಂಬ ನಟ್ಟು, ವಾಷರುಗಳು ಉಳಿದವು. ಮತ್ತೆ ಬಿಚ್ಚಿ ಜೋಡಿಸಿದಾಗ ಎರಡು ಡಬ್ಬಿ ಉಳಿದವು.

ಈ ನಡುವೆ ನಮ್ಮ ಬೀದಿಯ ತಿರುವಿನಲ್ಲಿ ಗ್ಯಾರೇಜು ಇಟ್ಟಿರುವ ಮೆಕ್ಯಾನಿಕ್ಕು, ಎಲ್ಲರೂ ಹೊಗೆಯಣ್ಣ ಎಂದು ಕರೆಯುವವರು, ಮೂರು ಬಾರಿ ಬಂದು ಬಾಗಿಲಲ್ಲಿ ನಿಂತು ನೋಡಿದರು. ನಲವತ್ತು ವರ್ಷ ಇಂಥ ಬಂಡಿಗಳ ಹೊಗೆ ಕುಡಿದವರು. "ಸಾರ್, ಒಂದು ವಾರ ನನ್ನ ಕೈಗೆ ಬಿಡಿ. ನೀವೇ ಮಾಡ್ಬೇಕು ಅಂತಿದ್ರೆ ಪಕ್ಕದಲ್ಲಿ ನಿಂತು ನೋಡಿ, ನೋಡ್ತಾ ನೋಡ್ತಾ ಕೈಗೆ ಬರುತ್ತೆ," ಎಂದರು. ಅವರ ಬಳಿ ಪುಸ್ತಕವಿರಲಿಲ್ಲ. ಪುಸ್ತಕವಿಲ್ಲದವರ ಮಾತನ್ನು ಕರಡು ತಿದ್ದುವವನೊಬ್ಬ ಹೇಗೆ ನಂಬಿಯಾನು? ತಮ್ಮ ಗೌರವವನ್ನು ಕಾಪಾಡಲು ನಾನು ಮೂರು ಸಲವೂ ನಯವಾಗಿ ಬೇಡವೆಂದೆ. ಆಸ್ಪತ್ರೆಯವರು ಕೊಟ್ಟ ದಿನಾಂಕವೂ ಮೂರು ಸಲ ಮುಂದಕ್ಕೆ ಹೋಯಿತು.

ಇಲ್ಲಿ ವಿನೋದವನ್ನು ತುಸು ಬದಿಗಿಟ್ಟು ಒಂದು ಮಾತು ಹೇಳುತ್ತೇನೆ. ನಮ್ಮ ಮನೆಯಿಂದ ಗ್ಯಾರೇಜಿಗೆ ಇಳಿಯಲು ಮೂರು ಮೆಟ್ಟಿಲು. ದಿನವೂ ಸಂಜೆ ತಾಯಿಯವರು ಆ ಮೂರು ಮೆಟ್ಟಿಲನ್ನು, ಒಂದು ಕೈಯಲ್ಲಿ ಗೋಡೆ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡೂ ಕಾಲನ್ನು ಊರಿ ನಿಂತು, ಇಳಿದು ಬರುತ್ತಿದ್ದರು. "ಏನಪ್ಪಾ, ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು. ನಾನು ಇನ್ನೇನು ಆಯಿತಮ್ಮಾ ಎನ್ನುತ್ತಿದ್ದೆ. ಆಯಿತಲ್ಲ ಬಿಡು ಎಂದು ಮತ್ತೆ ಮೂರು ಮೆಟ್ಟಿಲು ಹತ್ತುತ್ತಿದ್ದರು. ಹತ್ತುವಾಗ ಹಲ್ಲು ಕಚ್ಚುವುದು ನನಗೆ ಕೇಳಿಸುತ್ತಿತ್ತು. ಆ ಸದ್ದಿಗೆ ನಾನು ಪ್ರತಿದಿನ ನಾಚಿದ್ದೇನೆ. ನಾಚಿಕೆಯಾದಷ್ಟೂ ತಮ್ಮ ಪುಸ್ತಕವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ಕೊನೆಗೆ ಕಳೆದ ಭಾನುವಾರ ಬೆಳಿಗ್ಗೆ ಬಂಡಿ ಸಿದ್ಧವಾಯಿತು. ಸಿಲಿಂಡರಿನಲ್ಲಿ ಕಿಡಿ ಹಾರುವ ಗಳಿಗೆಯನ್ನು, ನನ್ನ ಮುಂದಿರುವ ಪ್ರತಿಯಲ್ಲಿ ಇರುವ ಹಾಗೆಯೇ, ಪಿಸ್ಟನ್ನು ತುದಿ ಮುಟ್ಟುವುದಕ್ಕೆ ಐದು ಮಿಲಿಮೀಟರ್ ಮುಂಚೆ ಎಂದು ಅಳೆದು ಕೂರಿಸಿದ್ದೆ. ಬಂಡಿಯನ್ನು ಗ್ಯಾರೇಜಿನ ಬಾಗಿಲಿನ ಹೊರಗೆ, ಬೀದಿಗೆ ಮುಖ ಮಾಡಿ ನಿಲ್ಲಿಸಿದೆವು. ತಾಯಿಯವರು ತಮ್ಮ ಹಳೆಯ ಕೋಟನ್ನು ತೊಟ್ಟು ಬಂದು ಕುಳಿತರು. ನನ್ನ ಹೆಂಡತಿ ಎದುರಿಗೆ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಳು. ಹೊಗೆಯಣ್ಣನವರೂ ಬಂದು ಕೈಕಟ್ಟಿ ನಿಂತಿದ್ದರು. ಮೊದಲ ಎರಡು ಕಿಕ್ಕಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಮೊಣಕಾಲು ಅರ್ಧದಲ್ಲೇ ಸೋತಿತು, ಕಿಕ್ ಪೂರ್ತಿ ಬೀಳಲಿಲ್ಲ. ಆದರೂ ಎಂಜಿನ್ ಗರ್ ಎಂದು ಹೊತ್ತಿಕೊಂಡಿತು. ಆಹಾ, ಆ ಸದ್ದು. ಬೀದಿಯೆಲ್ಲ ನೀಲಿ ಹೊಗೆ, ಎದುರುಮನೆಯವರು ಒಣಹಾಕಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೋಡಿದರು, ನನ್ನ ಕಣ್ಣಲ್ಲಿ ನೀರು ಬಂದಿದ್ದು ಹೊಗೆಗೆ ಎಂದೇ ಇಟ್ಟುಕೊಳ್ಳಿ. ತಾಯಿಯವರು ಕ್ಲಚ್ ಹಿಡಿದು, ಒಂದನೇ ಗೇರಿಗೆ ಹಾಕಿ, ಬೀದಿಯ ತುದಿಯನ್ನು ನೋಡುತ್ತ ಗಂಭೀರವಾಗಿ ಕ್ಲಚ್ ಬಿಟ್ಟರು. ಬಂಡಿ ಹಿಂದಕ್ಕೆ ಹೊರಟಿತು.

ಮಾನ್ಯರೇ, ಹಿಂದಕ್ಕೆ. ಆ ಚಿತ್ರೀಕರಣದಲ್ಲಿ ತಾಯಿಯವರು ಪ್ರಯಾಣ ಹೊರಟವರ ಗಾಂಭೀರ್ಯದಿಂದ ಮುಂದೆ ನೋಡುತ್ತಲೇ ಸೊಸೆಯಿಂದ ದೂರ ದೂರವಾಗುತ್ತ ಗ್ಯಾರೇಜಿನೊಳಗೆ ಮರೆಯಾಗುವುದನ್ನು ಈಗಲೂ ನೋಡಬಹುದು. ಆಮೇಲೆ ಉಳಿದ ನಟ್ಟುಗಳ ಡಬ್ಬಿಗಳು ಉರುಳುವ ಸದ್ದು ಬಹಳ ಹೊತ್ತು ಕೇಳಿಸುತ್ತದೆ. ನಾವು ಓಡಿಹೋಗುವಷ್ಟರಲ್ಲಿ ಅವರು ಕೀಲಿ ತಿರುಗಿಸಿ ಎಂಜಿನ್ ಆರಿಸಿ, ಬಂಡಿಯನ್ನು ತಡೆಯಲು ಊರಿದ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. ಅವರೇ ನನ್ನ ಮುಖ ನೋಡಿ ಹೇಳಿದರು: "ಯಾಕೋ ಹಾಗೆ ನಿಂತಿದ್ದೀಯ? ಕಾಲು ಮುಂದಾಗಿ ಬಂದ ಎಷ್ಟು ಮಕ್ಕಳನ್ನ ಈ ಕೈಯಲ್ಲಿ ಎತ್ತಿಕೊಂಡಿಲ್ಲ ನಾನು. ಬಂತಲ್ಲ, ಅಷ್ಟು ಸಾಕು. ನಡಿ, ಇನ್ನು ಆಸ್ಪತ್ರೆಗೆ ಹೇಳು." ಮಾರನೇ ದಿನಕ್ಕೆ ಆ ಮೊಣಕಾಲು ಕುಂಬಳಕಾಯಿಯಾಗಿತ್ತು. ಇನ್ನು ಒಂದು ದಿನವೂ ತಡಮಾಡುವಂತಿಲ್ಲ ಎಂದು ಶಸ್ತ್ರವೈದ್ಯರು ಗದರಿಸಿದರು.

ಹೊಗೆಯಣ್ಣನವರು ಆ ಭಾನುವಾರ ಮಧ್ಯಾಹ್ನವೇ ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದು ನೋಡಿದರು. "ಕಿಡಿ ತುಂಬಾ ಬೇಗ ಬರ್ತಿದೆ ಸಾರ್. ಕಿಕ್ ಅರ್ಧಕ್ಕೆ ನಿಂತ್ರೆ ಪಿಸ್ಟನ್ನು ಮೇಲೆ ಹೋಗೋ ಮುಂಚೆನೇ ವಾಪಸ್ ತಳ್ಳಿಬಿಡುತ್ತೆ, ಎಂಜಿನ್ನು ಉಲ್ಟಾ ತಿರುಗುತ್ತೆ. ಟೂ-ಸ್ಟ್ರೋಕಲ್ಲಿ ಇದು ಉಂಟು. ಈ ಅಳತೆ ಯಾರು ಹೇಳಿದ್ದು ನಿಮಗೆ?" ಎಂದು ಕೇಳಿದರು. ನಾನು ತಮ್ಮ ಪುಸ್ತಕವನ್ನು ತೆರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದರು, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು, ಏನೂ ಹೇಳದೆ ಹತ್ತು ನಿಮಿಷದಲ್ಲಿ ಸರಿಮಾಡಿ ಹೋದರು. ಅವರು ಏನಾದರೂ ಅಂದಿದ್ದರೆ ಎಷ್ಟೋ ವಾಸಿಯಾಗಿತ್ತು.

ಇಂದು ಬೆಳಿಗ್ಗೆ ತಾಯಿಯವರನ್ನು ಒಳಗೆ ಕರೆದೊಯ್ಯುವ ಮುನ್ನ ಶಸ್ತ್ರವೈದ್ಯರನ್ನು ನಾನು ಬಾಗಿಲಲ್ಲಿ ತಡೆದೆ. ಮೊಣಕಾಲನ್ನು ಬಿಚ್ಚುವುದು ತಮಗೆ ಚೆನ್ನಾಗಿ ಗೊತ್ತಿರಬಹುದು, ಜೋಡಿಸುವುದನ್ನು ಯಾವ ಪುಸ್ತಕದಲ್ಲಿ ಓದಿಕೊಂಡಿರಿ, ಅದರ ಲೇಖಕರು ಯಾರು ಎಂದು ಕೇಳಿದೆ. ಅವರು ನನ್ನ ಬೆನ್ನು ತಟ್ಟಿ, "ಓದಿದ್ದು ಬೇಕಾದಷ್ಟಿದೆ. ಕೈಗೆ ಬಂದಿದ್ದು ಮಾತ್ರ ನಮ್ಮ ಮೇಷ್ಟ್ರ ಪಕ್ಕದಲ್ಲಿ ಆರು ವರ್ಷ ನಿಂತು ನೋಡಿ. ನೀವು ಕೂತ್ಕೊಳ್ಳಿ, ಕಾಫಿ ಕುಡೀರಿ," ಎಂದು ಒಳಗೆ ಹೋದರು. ಆಗಿನಿಂದ ಕೂತಿದ್ದೇನೆ. ಕಾಫಿ ಕುಡಿದಿಲ್ಲ. ಭಯವಾಗುತ್ತಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಕೆಲವೇ. ಹಾರಿಹೋದ ಆ ಸ್ಪ್ರಿಂಗ್ ಬಳೆಯನ್ನು ಹುಡುಕಿಸಿ ಕಳಿಸಿಕೊಡಬೇಕು. ನಮ್ಮ ಓವನ್ನಿನ ಮುಂದೆ ನಿಂತು ನನ್ನ ಹೆಂಡತಿಗೆ ತಾವೇ ಸಮಜಾಯಿಷಿ ಹೇಳಬೇಕು. ಬರುವಾಗ ಹೆಲ್ಮೆಟ್ ತೊಟ್ಟು ಬಂದರೆ ಒಳ್ಳೆಯದು. ಮುಖ್ಯವಾಗಿ, ಹದಿನಾಲ್ಕು ತಿಂಗಳ ಸಂಜೆಗಳಲ್ಲಿ ನನ್ನ ತಾಯಿಯವರು ಇಳಿದು ಹತ್ತಿದ ಮೆಟ್ಟಿಲುಗಳಿವೆಯಲ್ಲ, ದಿನಕ್ಕೆ ಆರರಂತೆ, ಅವಷ್ಟನ್ನೂ ತಾವು ಅದೇ ಮೊಣಕಾಲಿನಲ್ಲಿ ಒಮ್ಮೆ ಇಳಿದು ಹತ್ತಬೇಕು. ಆಗ ತಮಗೆ ಸೂಕ್ತವಾಗಿ ಬಿಗಿಯುವುದೆಂದರೇನೆಂದು ತಿಳಿದೀತು.

ಇಷ್ಟಾದರೂ ತಮ್ಮ ಪುಸ್ತಕವನ್ನು ತಲೆದಿಂಬಿನಂತೆ ಜೊತೆಗಿಟ್ಟುಕೊಂಡೇ ತಿರುಗುತ್ತಿರುವ,

ತಮ್ಮ ವಿಶ್ವಾಸಿ,
ಕರಡು ತಿದ್ದುವವನು

ತಾ.ಕ.: ಪತ್ರಿಕೆಯವರಿಗೆ ಕಳಿಸಲಿರುವ ಲಕೋಟೆಗೆ ಅಂಟು ಹಚ್ಚುವ ಮುನ್ನ ನರ್ಸ್ ಬಂದು ಕರೆದರು. ಎಲ್ಲವೂ ಸರಿಯಾಗಿದೆ, ತಾಯಿಯವರಿಗೆ ಎಚ್ಚರವಾಗಿದೆ. ಅವರ ಮುಖ ಕಂಡೊಡನೆ ನನ್ನಿಂದ ತಡೆಯಲಾಗದೆ ನಿಜ ಹೇಳಿಬಿಟ್ಟೆ. ತಮಗೂ ಹೇಳುವುದು ನ್ಯಾಯ. ಕಿಡಿಯ ಅಳತೆ ತಮ್ಮ ಪುಸ್ತಕದ ಅರವತ್ತೊಂದನೇ ಪುಟದಲ್ಲಿ ಮೂರು ಮಿಲಿಮೀಟರ್ ಎಂದೇ ಇತ್ತು. ಕೊನೆಯ ಕೋಷ್ಟಕದಲ್ಲಿ ಐದು ಎಂದಿತ್ತು. ಒಂದೇ ಪುಸ್ತಕದಲ್ಲಿ ಎರಡು ಅಂಕಿ ಕಂಡರೆ ನಮ್ಮ ಕಸುಬಿನವರಿಗೆ ಕೈ ತುರಿಸುತ್ತದೆ. ಮೂರನ್ನು ನಾನೇ ಕೆಂಪು ಶಾಯಿಯಲ್ಲಿ ಹೊಡೆದು ಐದು ಮಾಡಿದೆ. ಕೋಷ್ಟಕ ಇದೇ ಬಂಡಿಯ ದೊಡ್ಡ ಎಂಜಿನ್ನಿನದೆಂದು ಅದರ ಕೆಳಗೆ ಬರೆದಿದ್ದನ್ನು ಆಮೇಲೆ ನೋಡಿದೆ. ತಾಯಿಯವರು ಎಲ್ಲ ಕೇಳಿ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಆ ಪುಣ್ಯಾತ್ಮನಿಗೆ ತಪ್ಪಾಯ್ತು ಅಂತ ಒಂದು ಕಾಗದ ಬರಿ." ತಾಯಿಯ ಮಾತು ಮೀರುವವನು ನಾನಲ್ಲ. ತಪ್ಪಾಯಿತು. ತಮ್ಮ ಪುಸ್ತಕದಲ್ಲಿ ನಾನು ಗುರುತಿಸಿದ ಉಳಿದ ನಲವತ್ತು ತಪ್ಪುಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ. ಅವಷ್ಟನ್ನೂ ತಾವು ತಿದ್ದಿ ಅಚ್ಚು ಹಾಕಿಸಿದ ದಿನದಿಂದ ಈ ಕ್ಷಮಾಪಣೆ ಜಾರಿಗೆ ಬರುತ್ತದೆ.