ಬೆಳ್ಳಗಾಗಲೊಲ್ಲದ ಕುದುರೆ

ಕುದುರೆ ಡಾಕ್ಟರಾದವನಿಗೆ ಒದೆಯೂ ತಪ್ಪಿದ್ದಲ್ಲ, ನಗೆಪಾಟಲೂ ತಪ್ಪಿದ್ದಲ್ಲ. ಕೋಲ್ಕತ್ತಾಕ್ಕೆ ವರ್ಗವಾದ ಮೇಲೆ ನನಗೆ ಒದೆ ಕಡಿಮೆಯಾಯಿತು, ನಗೆಪಾಟಲು ಹೆಚ್ಚಾಯಿತು. ಅದರಲ್ಲಿ ಮುಕ್ಕಾಲು ಪಾಲು ಒಬ್ಬನೇ ಮನುಷ್ಯನ ಕೃಪೆ. ಮೈದಾನದ ಹತ್ತಿರ ಸಾರೋಟು ಓಡಿಸುತ್ತಿದ್ದ ಮುದುಕ, ಎಲ್ಲರಿಗೂ ಚಾಚಾ. ಹೆಂಡತಿ ತೀರಿಹೋಗಿದ್ದಳು, ಮನೆಯಲ್ಲಿ ಅವನು ಮತ್ತು ಒಬ್ಬಳೇ ಮಗಳು. ಊರವರ ಮದುಮಗಂದಿರನ್ನೆಲ್ಲ ಬಿಳಿ ಕುದುರೆ ಮೇಲೆ ಕೂರಿಸಿ ಕಳಿಸುವುದೂ ಅವನ ಕಸುಬು.

೧. ಕಪ್ಪು ಮರಿ

ಒಂದು ದಿನ ಚಾಚಾ ಕಪ್ಪನೆಯ ಹೆಣ್ಣುಮರಿಯೊಂದನ್ನು ಹಿಡಿದುಕೊಂಡು ಬಂದ.

"ಇದು ಮುಂದೆ ಬೆಳ್ಳಗಾಗುತ್ತೆ ಅಂತ ವ್ಯಾಪಾರಿ ಮಾರಿದ, ಸಾಹೇಬ್. ನನಗೆ ಟೋಪಿ ಹಾಕಿದನಾ?"

ನೋಡಿದೆ. ಕಣ್ಣಿನ ಸುತ್ತ ಆಗಲೇ ಬಿಳಿ ಕೂದಲು. "ಇಲ್ಲಪ್ಪ. ಬಿಳಿ ಕುದುರೆಗಳು ಸಾಮಾನ್ಯವಾಗಿ ಹುಟ್ಟುವಾಗ ಕಪ್ಪೋ ಕಂದೋ ಇರುತ್ತವೆ. ವರ್ಷ ಕಳೆದ ಹಾಗೆ ಕೂದಲಿನ ಬಣ್ಣ ಬತ್ತುತ್ತೆ, ಒಳಗಿನ ಚರ್ಮ ಮಾತ್ರ ಕಪ್ಪಾಗೇ ಉಳಿಯುತ್ತೆ. ಆರೇಳು ವರ್ಷ ತಾಳು."

"ತಾಳ್ತೀನಿ. ಇದು ಬೆಳ್ಳಗಾದ ಮೇಲೆ ನನ್ನ ಅಳಿಯ ಇದರ ಮೇಲೇ ಬರಬೇಕು. ಅಲ್ಲಿಯವರೆಗೆ ಮಗಳ ಮದುವೆಯಿಲ್ಲ." ಆಮೇಲೆ ಗಡ್ಡ ನೀವಿಕೊಂಡು ಹೇಳಿದ: "ನನಗೆ ಬೆಳ್ಳಗಾಗೋಕೆ ಅರವತ್ತು ವರ್ಷ ಹಿಡೀತು. ಇದು ಚುರುಕು ಇದೆ."

೨. ಟ್ಯೂಬ್‌ಲೈಟ್ ಚಿಕಿತ್ಸೆ

ನನ್ನ ಬಾಯಿ ಸುಮ್ಮನಿರುವುದಿಲ್ಲ. ಚಳಿಗಾಲದ ದಟ್ಟ ಕೂದಲು ಉದುರುವುದಕ್ಕೆ ಸೆಕೆಗಿಂತ ಹಗಲಿನ ಉದ್ದ ಮುಖ್ಯ, ರಾತ್ರಿ ದೀಪ ಹಾಕಿಟ್ಟರೂ ಹಗಲೆಂದು ಕುದುರೆಯ ಮೈ ಮೋಸಹೋಗುತ್ತದೆ ಎಂದು ಅವನಿಗೆ ಪಾಠ ಮಾಡಿದೆ. ಬೇಗ ಉದುರಿದರೆ ಬೇಗ ಬೆಳ್ಳಗಾದೀತು ಎಂದುಕೊಂಡ ಪುಣ್ಯಾತ್ಮ ಲಾಯದಲ್ಲಿ ಎರಡು ಟ್ಯೂಬ್‌ಲೈಟ್ ಕಟ್ಟಿಸಿದ. ಜನವರಿಯ ಹೊತ್ತಿಗೆ ಕೂದಲೇನೋ ರಾಶಿ ರಾಶಿ ಉದುರಿತು. ಕುದುರೆ ಚಳಿಗೆ ಗಡಗಡ ನಡುಗಿತು. ಚಾಚಾ ತಾನು ಹೊದೆಯುತ್ತಿದ್ದ ಕಂಬಳಿಯನ್ನು ಅದಕ್ಕೆ ಹೊದಿಸಿ, ತಾನು ಕೆಮ್ಮುತ್ತಾ ನನ್ನ ಹತ್ತಿರ ಬಂದ.

ನನ್ನ ಹೆಂಡತಿ ಕೇಳಿ ಹೇಳಿದ್ದು ಇಷ್ಟೇ: "ಕುದುರೆಗೆ ಔಷಧಿ ಹೇಳಿ ಯಜಮಾನನಿಗೆ ಕೆಮ್ಮು ತರಿಸಿದ್ರಲ್ಲ ರೀ. ನೀವು ಮನುಷ್ಯರ ಡಾಕ್ಟರ್ ಆಗದೇ ಇದ್ದದ್ದೇ ಲೋಕಕ್ಕೆ ಉಪಕಾರ."

೩. ಸೆಕ್ಟರ್ ಫೈವ್ ಹುಡುಗಿ

ವರ್ಷಗಳು ಉರುಳಿದವು. ಮಗಳಿಗೆ ಸಾಫ್ಟ್‌ವೇರ್ ಕಂಪನಿಗಳಿರುವ ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು, ಅಲ್ಲೇ ಒಬ್ಬ ಹುಡುಗನೂ ಸಿಕ್ಕಿದ. ಹುಡುಗನ ಮನೆಯವರು ಒಪ್ಪಿದರು. ಚಾಚಾ ಮಾತ್ರ, "ಮೊದಲು ಕುದುರೆ ಬೆಳ್ಳಗಾಗಲಿ," ಅಂದ.

ಹುಡುಗಿ ಆಫೀಸಿನ ಕ್ಯಾಬ್‌ನಲ್ಲೇ ನನ್ನ ಆಸ್ಪತ್ರೆಗೆ ಬಂದಳು. "ಅಂಕಲ್, ಯಾವ ಪ್ರಾಜೆಕ್ಟ್‌ಗಾದರೂ ಒಂದು ಕೊನೇ ದಿನ ಅಂತ ಇರುತ್ತೆ. ಈ ಕುದುರೆಗೆ ಯಾವತ್ತು?"

ಹೋಗಿ ನೋಡಿದೆ. ಮುಖ, ಕತ್ತು, ಬೆನ್ನು ಬೆಳ್ಳಗಾಗಿದ್ದವು. ಹಿಂಭಾಗದಲ್ಲಿ ಮಾತ್ರ ಬೂದು ಚುಕ್ಕೆ. "ಇನ್ನೊಂದು ವರ್ಷ," ಅಂದೆ.

"ಅಷ್ಟರಲ್ಲಿ ಹುಡುಗ ಬೆಳ್ಳಗಾಗಿರ್ತಾನೆ," ಅಂದಳು.

೪. ಹಿಂದಕ್ಕೆ ನಡೆದ ಬಣ್ಣ

ವರ್ಷ ಕಳೆಯಿತು. ಕುದುರೆಗೆ ಮೈ ತುರಿಕೆ ಎಂದು ಚಾಚಾ ಹೇಳಿಕಳಿಸಿದ. ಹೋಗಿ ನೋಡಿದೆ. ಬೆಳ್ಳಗಾಗಿದ್ದ ಕತ್ತು, ಬೆನ್ನು ಮತ್ತೆ ಕಪ್ಪು! ಕೂದಲಿನ ಬಣ್ಣ ಹೀಗೆ ಹಿಂದಕ್ಕೆ ಬರುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಸುಳ್ಳೇಕೆ ಹೇಳಲಿ, ಜಗತ್ತಿಗೆ ಇದನ್ನು ತಿಳಿಸುವವನು ನಾನೇ ಎಂದು ಒಳಗೊಳಗೇ ಉಬ್ಬಿಹೋದೆ. ಬೆನ್ನು ಸವರಿದೆ. ಅಂಗೈ ಕಪ್ಪಾಯಿತು.

"ಏನಯ್ಯಾ ಇದು?"

ಚಾಚಾ ತಲೆ ತಗ್ಗಿಸಿದ. "ಇದು ಬೆಳ್ಳಗಾದರೆ ಅವಳು ಹೊರಟುಹೋಗ್ತಾಳೆ ಸಾಹೇಬ್. ಆಮೇಲೆ ಮನೇಲಿ ನನ್ನ ಜೊತೆ ಮಾತಾಡೋರು ಯಾರಿದ್ದಾರೆ?"

ನನಗೂ ಒಬ್ಬಳು ಮಗಳಿದ್ದಾಳೆ. ಬಯ್ಯುವುದು ಬಿಟ್ಟು ಅಂಗೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದೆ.

ಅಷ್ಟರಲ್ಲಿ ಚಹಾ ತಂದ ಮಗಳು ನನ್ನ ಅಂಗೈ ನೋಡಿದಳು. ಆಶ್ಚರ್ಯವೇನೂ ಪಡಲಿಲ್ಲ.

"ಗಡ್ಡಕ್ಕೆ ಬೇಕು ಅಂತ ಅಬ್ಬು ನನ್ನ ಕೈಲೇ ಬಣ್ಣ ತರಿಸ್ತಿದ್ರು ಅಂಕಲ್. ಚೀಲಗಟ್ಟಲೆ ತಂದೆ. ಗಡ್ಡ ಮಾತ್ರ ಹಾಗೇ ಬೆಳ್ಳಗಿತ್ತು."

"ಗೊತ್ತಿದ್ದೂ ಯಾಕಮ್ಮ ತಂದುಕೊಟ್ಟೆ?"

"ಕೇಳಿದ್ದು ಅಬ್ಬು ಅಲ್ವಾ?"

ಚಾಚಾ ಕುದುರೆಯ ಕತ್ತು ಸವರಿದ. ಆಮೇಲೆ ಬಕೆಟ್ ಎತ್ತಿಕೊಂಡ. "ಹುಡುಗನ ಮನೆಯವರಿಗೆ ಬರೋ ತಿಂಗಳು ಬನ್ನಿ ಅಂತ ಹೇಳಮ್ಮ. ಇದನ್ನ ತೊಳೀತೀನಿ."

ಮಗಳು ಕಣ್ಣೊರೆಸಿಕೊಂಡಳು. "ಇನ್ನೂ ಎರಡು ಪ್ಯಾಕೆಟ್ ಉಳಿದಿದೆ ಅಬ್ಬು. ಮದುವೆ ದಿನವಾದರೂ ಅದನ್ನ ಗಡ್ಡಕ್ಕೆ ಹಚ್ಚಿಕೊಳ್ಳಿ."