ಹೆಂಡತಿಗೆ ಹೇಳಿದ ಬೀಜಗಣಿತ

ಗಣಿತದ ಮಾಸ್ತರನಾದವನು ಊರಿಗೆಲ್ಲ ಪಾಠ ಹೇಳಲಿ, ಹೆಂಡತಿಗೆ ಮಾತ್ರ ಹೇಳಬಾರದು. ಸಾಲೆಯಲ್ಲಾದರೆ ಬೋರ್ಡಿನ ಮೇಲೆ ಒಂದು ಸಾಲು ಬರೆದು, ನಡುವಿನ ನಾಲ್ಕು ಸಾಲು ನುಂಗಿ, ‘ಆದ್ದರಿಂದ’ ಎಂದು ಉತ್ತರ ಬರೆದರೆ ವರ್ಗದ ತಲೆಗಳೆಲ್ಲ ಒಟ್ಟಿಗೆ ಅಲ್ಲಾಡುತ್ತವೆ. ಮೇಜಿನ ಮೇಲೆ ಬೆತ್ತವಿರುತ್ತದೆ. ಮನೆಯಲ್ಲಿ ಬೆತ್ತವಿಲ್ಲ, ಇದ್ದಿದ್ದರೆ ಯಾರ ಕೈಯಲ್ಲಿರುತ್ತಿತ್ತೋ ಹೇಳಲಾರೆ.

ನನ್ನ ಹೆಂಡತಿ ಶಾಂತಾ ಅಮ್ಮಿನಬಾವಿಯವಳು. ಧಾರವಾಡಕ್ಕೆ ಬಂದ ಮೇಲೆ, ಮದುವೆಯ ಗದ್ದಲದಲ್ಲಿ ತಪ್ಪಿಹೋದ ಮ್ಯಾಟ್ರಿಕ್ ಪರೀಕ್ಷೆಗೆ ಮನೆಯಲ್ಲೇ ಓದಿ ಕೂಡುತ್ತೇನೆಂದಳು. ನನ್ನ ತಾಯಿ ಒಪ್ಪಿದರು, ಆದರೆ ಒಂದೇ ಸಲ. ನಪಾಸಾದರೆ ಪುಸ್ತಕ ಅಟ್ಟ ಸೇರಬೇಕು. ಗಣಿತಕ್ಕೆ ನಾನಿದ್ದೇನಲ್ಲ ಎಂದು ನನಗೇನೂ ಚಿಂತೆಯಿರಲಿಲ್ಲ.

ಮೊದಲ ದಿನ ಬಂದದ್ದು ಎಕ್ಸ್ ವರ್ಗ, ಕಳೆ ಏಳು ಎಕ್ಸ್, ಕೂಡಿಸು ಹನ್ನೆರಡು. ಏಳನ್ನು ಮೂರು ನಾಲ್ಕಾಗಿ ಒಡೆದು ಎರಡೇ ಸಾಲಿನಲ್ಲಿ ಮುಗಿಸಿದೆ. ಮೂರು ನಾಲ್ಕು ಎಲ್ಲಿಂದ ಬಂದವು ಎಂದು ಕೇಳಿದಳು. ನೋಡಿದರೆ ಕಾಣುತ್ತದೆ ಎಂದೆ.

"ನಿಮಗ ಕಂಡಿದ್ದು ನನಗ್ಯಾಕ ಕಾಣವಲ್ದು? ಕಾಣೂ ಹಂಗ ಹೇಳ್ರಿ."

ಹೇಳುವುದೇನನ್ನು? ಇಷ್ಟು ವರ್ಷ ಅವು ತಾವಾಗಿಯೇ ಕಾಣುತ್ತಿದ್ದವು. ಅದೇ ಎರಡು ಸಾಲನ್ನು ದನಿ ಏರಿಸಿ ಮತ್ತೊಮ್ಮೆ ಹೇಳಿದೆ. ಅವಳು ಹಾಳೆ ಮಗುಚಿ ಇನ್ನೊಂದರ ಮೇಲೆ ಬೆರಳಿಟ್ಟಳು: ಆರು ಎಕ್ಸ್ ವರ್ಗ, ಕೂಡಿಸು ಹನ್ನೊಂದು ಎಕ್ಸ್, ಕಳೆ ಮೂವತ್ತೈದು. ನೋಡಿದೆ. ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದೆ. ಚಹಾ ಆರಿತು. ಇಷ್ಟು ಹೊತ್ತು ಕೂಗುತ್ತಿದ್ದವನು ಯಾಕೆ ಸುಮ್ಮನಾದನೆಂದು ತಾಯಿ ಒಳಗಿನಿಂದ ವಿಚಾರಿಸಿದರು.

"ಸಿಟ್ಟು ಬಿಡ್ರಿ," ಎಂದು ಶಾಂತಾ ಪಾಟಿ ತಂದಳು. "ಒಂದೊಂದ ಜೋಡಿ ಬರಕೋತ ಹೋಗೂಣು."

ಆರನ್ನು ಮೂವತ್ತೈದರಿಂದ ಗುಣಿಸಿ ಇನ್ನೂರಾ ಹತ್ತು ಎಂದು ನಾನು ಹೇಳಿದೆ. ಯಾವ ಎರಡು ಸಂಖ್ಯೆ ಗುಣಿಸಿದರೆ ಅದು ಬರುತ್ತದೆಂದು ಅವಳು ಸಾಲಾಗಿ ಬರೆದು, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತ ಹೋದಳು. ಇಪ್ಪತ್ತೊಂದು ಮತ್ತು ಹತ್ತಕ್ಕೆ ಬಂದಾಗ ಹನ್ನೊಂದು ಉಳಿಯಿತು. ನನಗೂ ಆಗಲೇ ಕಂಡದ್ದು. ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸಿದೆ. ಅಂದಿನಿಂದ ಪರೀಕ್ಷೆಯವರೆಗೆ ಒಂದು ಸಾಲು ಹಾರಿಸಿದರೂ ಅವಳ ಬಳಪ ನಿಂತುಬಿಡುತ್ತಿತ್ತು. ನನ್ನ ಜೀವ ಸಾಕಾಗಿ ಹೋಯಿತು.

ಅವಳು ಪಾಸಾದಳು. ತಾಯಿ ಓಣಿಗೆಲ್ಲ ಸಕ್ಕರೆ ಹಂಚಿದರು. ಜನ ನನ್ನ ಪಾಠವನ್ನು ಹೊಗಳಿದರು, ನಾನು ತಡೆಯಲಿಲ್ಲ.

ಮೊನ್ನೆ ಸಂಜೆ ನನ್ನ ವರ್ಗದ ಇಬ್ಬರು ವಿದ್ಯಾರ್ಥಿಗಳು ಬಾಗಿಲಿಗೆ ಬಂದರು. ಒಂದು ಲೆಕ್ಕ ತಿಳಿದಿಲ್ಲವಂತೆ. ಖುಷಿಯಿಂದ ಒಳಗೆ ಕರೆದೆ. ಅವರು ಪರಸ್ಪರ ಮುಖ ನೋಡಿಕೊಂಡರು.

"ಅಕ್ಕಾರು ಇಲ್ಲೇನ್ರಿ ಸರ?"

ನೀರಿಗೆ ಹೋಗಿದ್ದಾಳೆ, ನಾನಿದ್ದೇನಲ್ಲ ಎಂದೆ.

"ಇರ್ಲಿ ಬಿಡ್ರಿ ಸರ. ಅವರು ಬರೂತನಕ ಕಟ್ಟಿ ಮ್ಯಾಲ ಕುಂಡರ್ತೀವಿ."

ಲೆಕ್ಕ ಯಾವುದೆಂದು ಇಣುಕಿ ನೋಡಿದೆ. ಸ್ವಲ್ಪ ಹೊತ್ತಿಗೆ ನಾನೂ ಹೋಗಿ ಅವರ ಪಕ್ಕ ಕುಳಿತೆ. ಮರುದಿನ ವರ್ಗದಲ್ಲಿ ಅದನ್ನು ನಾನೇ ಬಿಡಿಸಬೇಕಾಗಿತ್ತು.